ಎರಡು ಟಿಕೆಟ್ಟಿನ ವಾರಿಜಕ್ಕ

ವಾರಿಜಕ್ಕ ಬಸ್ಸಿನಲ್ಲಿ ಒಬ್ಬರೇ ಹೋಗುವಾಗಲೂ ಎರಡು ಟಿಕೆಟ್ ತೆಗೆದುಕೊಳ್ಳುತ್ತಿದ್ದರು. "ದೋನ್ ದ್ಯಾ" ಎಂದು ಮರಾಠಿಯಲ್ಲಿ ಕೇಳಿ, ಎರಡನೆಯವರು ಯಾರೆಂದು ಕಂಡಕ್ಟರ್ ಆಚೀಚೆ ನೋಡಿದರೆ ತನ್ನ ಪಕ್ಕದ ಖಾಲಿ ಸೀಟಿನ ಕಡೆಗೆ ಗದ್ದ ತೋರಿಸುತ್ತಿದ್ದರು. ಸಾಂತಾಕ್ರೂಜ್ ಸ್ಟೇಷನ್ನಿನಿಂದ ನಮ್ಮ ಬಿಲ್ಡಿಂಗಿನ ಕಡೆ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಕ್ಕಿದರೆ ಪುಣ್ಯ. ಆದರೂ ಆ ಸೀಟಿನಲ್ಲಿ ಯಾರಾದರೂ ಕೂತದ್ದನ್ನು ನಾನು ನೋಡಿಲ್ಲ. ಜನ ಹತ್ತಿರ ಬರುತ್ತಿದ್ದರು, ಕೂರಲು ಬಗ್ಗುತ್ತಿದ್ದರು, ಆಮೇಲೆ ಏನೋ ನೆನಪಾದವರ ಹಾಗೆ ಮುಂದಕ್ಕೆ ಹೋಗುತ್ತಿದ್ದರು. ವಾರಿಜಕ್ಕನ ಮುಖ ನೋಡಿ ಹೆದರಿರಬೇಕು ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ಇಂಥದ್ದನ್ನೆಲ್ಲ ನಂಬುವ ಪೈಕಿ ನಾನಲ್ಲ.

ಅವರದು ನನ್ನ ಎದುರಿನ ಫ್ಲ್ಯಾಟು. ಎತ್ತರದ ಆಳು, ದೊಡ್ಡ ಗಂಟಲು. ಗಂಡ ಹೋದ ಮೇಲೂ ಹಣೆಗೆ ಸಣ್ಣ ಕಪ್ಪು ಬೊಟ್ಟು ಇಟ್ಟುಕೊಳ್ಳುತ್ತಿದ್ದರು, ಕೇಳಿದವರಿಗೆ "ಬೋಳು ಹಣೆ ನಂಗೆ ಚಂದ ಕಾಣೂದಿಲ್ಲ" ಎಂದು ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದರು. ಗಂಡ ಶೇಖರಣ್ಣ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಜೀವಮಾನವಿಡೀ ಮ್ಯಾನೇಜರ್ ಆಗಿದ್ದವರು. ಮಾತು ಕಡಿಮೆ, ಹೊಸ ಸಾಮಾನಿನ ಹುಚ್ಚು ಜಾಸ್ತಿ. ಮಾರ್ಕೆಟ್ಟಿಗೆ ಬಂದ ಯಾವ ಯಂತ್ರವೂ ಅವರ ಮನೆಯನ್ನು ನೋಡದೆ ಹೋದದ್ದಿಲ್ಲ. ಐಫೋನು, ಐಪ್ಯಾಡು, ಮಾತಾಡಿದರೆ ಉತ್ತರ ಕೊಡುವ ಸ್ಪೀಕರು, ಮೊಬೈಲಿನಿಂದ ಹೊತ್ತಿಸುವ ದೀಪ. ವಾರಿಜಕ್ಕ ಇವುಗಳ ಹತ್ತಿರ ಒಂದೊಂದು ಭಾಷೆಯಲ್ಲಿ ಮಾತಾಡುತ್ತಿದ್ದರು. ಸ್ಪೀಕರಿಗೆ ಹಿಂದಿ, ಟೀವಿಗೆ ಕನ್ನಡ, ಐಪ್ಯಾಡಿಗೆ ಮಾತ್ರ ತುಳು. ಅದು ಗಂಡ ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಯಕ್ಷಗಾನ ನೋಡುತ್ತಿದ್ದ ಸಾಮಾನು, ಹಾಗಾಗಿ ಮನೆಯ ಮನುಷ್ಯನ ಲೆಕ್ಕ.

ಒಮ್ಮೆ ಅವರು ಗಂಡನಿಗೆಂದು ಮೀನುಸಾರು ಕಟ್ಟಿಕೊಂಡು ಗ್ರಾಂಟ್ ರೋಡಿಗೆ ಹೊರಟವರು, ಗಾಡಿ ತಪ್ಪಾಯಿತೆಂದು ದಾದರಿನಲ್ಲಿ ಇಳಿದು, ಬ್ರಿಜ್ ದಾಟಿ ಸೆಂಟ್ರಲ್ ಲೈನಿನ ಗಾಡಿ ಹತ್ತಿ, ಎಲ್ಲೋ ಕಲ್ಯಾಣದ ಕಡೆಗೆ ಹೋಗಿಬಿಟ್ಟಿದ್ದರು. ಫೋನಿನಲ್ಲಿ ಚಾರ್ಜಿರಲಿಲ್ಲ. ಗಲ್ಲಾ ಬಿಟ್ಟು ಏಳದಿದ್ದ ಶೇಖರಣ್ಣ ಅವತ್ತು ಸಂಜೆಯವರೆಗೂ ದಾದರಿನ ಪ್ಲಾಟ್‌ಫಾರ್ಮಿನಲ್ಲಿ ಅಲೆದಾಡಿದರಂತೆ. ಆ ವರ್ಷ ಊರಿನ ದೈವದ ನೇಮೋತ್ಸವಕ್ಕೆ ಹೋಗಿ ಬಂದವರು ಹೆಂಡತಿಗೆ ಕೆಂಪು ರೇಷ್ಮೆ ಬಟ್ಟೆಯ ಒಂದು ಸಣ್ಣ ಗಂಟು ತಂದುಕೊಟ್ಟರು. ಒಳಗೆ ದೈವದ ಗಂಧಪ್ರಸಾದ. ಮನೆ ಬಿಟ್ಟು ಹೊರಗೆ ಕಾಲಿಡುವಾಗ ಇದು ಸೊಂಟದಲ್ಲಿರಬೇಕು, ಯಾವ ಕಾರಣಕ್ಕೂ ಬಿಚ್ಚಬಾರದು ಎಂದರು. ದೈವದ ಗಂಟನ್ನು ಬಿಚ್ಚಿ ನೋಡುವ ಬುದ್ಧಿ ನಮ್ಮ ಕಡೆಯವರಿಗೆ ಕನಸಿನಲ್ಲೂ ಬರುವುದಿಲ್ಲ. ವಾರಿಜಕ್ಕ ಅದನ್ನು ಸೀರೆಯ ನೆರಿಗೆಯ ಒಳಗೆ ಪಿನ್ ಹಾಕಿ ಸಿಕ್ಕಿಸಿಕೊಳ್ಳುತ್ತಿದ್ದರು.

ಶೇಖರಣ್ಣ ಒಂದು ಬೆಳಿಗ್ಗೆ ಅದೇ ಕುರ್ಚಿಯಲ್ಲಿ, ಐಪ್ಯಾಡಿನಲ್ಲಿ ಯಕ್ಷಗಾನದ ಚೆಂಡೆ ಕೇಳಿಬರುತ್ತಿರುವಾಗಲೇ, ತಲೆ ವಾಲಿಸಿ ತೀರಿಕೊಂಡರು. ಅದಾದ ಮೇಲೆ ವಾರಿಜಕ್ಕ ಹೊರಗೆ ಹೋಗುವುದನ್ನೇ ಬಿಟ್ಟರು. ತರಕಾರಿಯವನು ಮೇಲೆ ಬರಬೇಕು, ಹಾಲು ಬಾಗಿಲಿಗೆ ಬರಬೇಕು. ಲಿಫ್ಟಿನವರೆಗೆ ಬಂದು ವಾಪಸು ಹೋಗುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಮಗ ಪ್ರಶಾಂತ ವಿಕ್ರೋಳಿಯಲ್ಲಿ ಹೆಂಡತಿಯ ಜೊತೆ ಇದ್ದ. ಒಳ್ಳೆಯ ಹುಡುಗ, ಫ್ಯಾಕ್ಟರಿಯಲ್ಲಿ ಎಂಜಿನಿಯರು. ತಮ್ಮಲ್ಲಿಗೆ ಬಂದುಬಿಡು ಎಂದು ವಾರ ವಾರ ಕರೆಯುತ್ತಿದ್ದ. ಇವರದು ಒಂದೇ ಉತ್ತರ, ನನ್ನ ಮನೆ ಇದು.

ವಾರಿಜಕ್ಕ ಬಳಸುತ್ತಿದ್ದದ್ದು ಗಂಡ ಹೊಸದು ಕೊಂಡಾಗ ಅವರಿಗೆ ಬಿಟ್ಟುಕೊಟ್ಟ ಹಳೆಯ ಐಫೋನು. ಅದರ ಪರದೆಯ ತುಂಬ ಹಸಿರು ಗೆರೆ ಬಿದ್ದು ಅರ್ಧಕ್ಕರ್ಧ ಕಾಣದಂತಾದಾಗ ಪ್ರಶಾಂತ ಒಂದು ಆಂಡ್ರಾಯ್ಡ್ ಫೋನು ತಂದುಕೊಟ್ಟು, ಬದಲಾಯಿಸುವ ಕೆಲಸ ನನ್ನ ತಲೆಗೆ ಕಟ್ಟಿದ. ಆಫೀಸು ಕೊಟ್ಟ ಐಫೋನು ಒಂದು, ನನ್ನ ದುಡ್ಡಿನ ಆಂಡ್ರಾಯ್ಡ್ ಒಂದು, ಎರಡನ್ನೂ ಸವತಿಯರ ಹಾಗೆ ಒಂದೇ ಬ್ಯಾಗಿನಲ್ಲಿ ಸಾಕುತ್ತಿದ್ದ ನನಗೆ ಬಿಲ್ಡಿಂಗಿನಲ್ಲಿ ಆ ವಿಷಯದ ಪಂಡಿತೆಯೆಂಬ ಹೆಸರಿತ್ತು. ಹೋಗಿ ಕೂತೆ. ಎರಡು ಫೋನುಗಳ ನಡುವೆ ವೈರು ಸಿಕ್ಕಿಸಿ, ನಂಬರು, ಫೋಟೊ, ವಾಟ್ಸಪ್ ಎಲ್ಲ ದಾಟಲು ಬಿಟ್ಟೆ. ವಾರಿಜಕ್ಕನಿಗೆ ಮತ್ತೇನೂ ಬೇಕಿರಲಿಲ್ಲ. ಶೇಖರಣ್ಣ ಹೋಟೆಲಿನಿಂದ ಕಳಿಸುತ್ತಿದ್ದ ವಾಯ್ಸ್ ಮೆಸೇಜುಗಳು ಮಾತ್ರ ಹೊಸ ಫೋನಿಗೆ ಬರಬೇಕಿತ್ತು. ಸಂಜೆಗೆ ಎಂತ ತರಬೇಕು, ಮಳೆ ಉಂಟು ಕೊಡೆ ತೆಗೊ, ಇಷ್ಟೇ ಅದರಲ್ಲಿದ್ದದ್ದು. ಎಷ್ಟು ದಾಟಿತೆಂದು ತೋರಿಸುವ ಗೆರೆ ಹೊಸ ಫೋನಿನ ಪರದೆಯಲ್ಲಿ ತುಂಬುತ್ತ ಹೋದಂತೆ ಅವರು ನನ್ನ ಹೆಗಲ ಮೇಲೆ ಬಗ್ಗಿ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

"ಅವರು ಬಂದ್ರಾ?" ಎಂದು ಕೇಳಿದರು.

"ಬಂದ್ರು, ವಾರಿಜಕ್ಕ" ಎಂದೆ ನಾನು. ಕೆಲಸ ಮುಗಿದ ಖುಷಿಯಲ್ಲಿ ಬಾಯಿಗೆ ಬಂದ ಮಾತು.

ಫೋನಿಗೆ ಕನ್ನಡ ಹಾಕಿಕೊಟ್ಟೆ. ಹೊಸ ಫೋನನ್ನು ದೇವರಿಗೆ ತೋರಿಸಿ ಬರುತ್ತೇನೆಂದು ಮಾರನೆಯ ದಿನ ಅವರು ಎಷ್ಟೋ ತಿಂಗಳ ಮೇಲೆ ಮೊದಲ ಸಲ ಕೆಳಗೆ ಇಳಿದರು. ಸಂಜೆ ನನ್ನ ಬಾಗಿಲು ಬಡಿದವರು ಒಳಗೆ ಬರಲಿಲ್ಲ, ಕೈಚಾಚಿ ಫೋನು ತೋರಿಸಿದರು. ಅಪರಿಚಿತ ಟ್ರ್ಯಾಕರ್ ಒಂದು ನಿಮ್ಮ ಜೊತೆ ಸಂಚರಿಸುತ್ತಿದೆ ಎಂದು ಪರದೆಯಲ್ಲಿತ್ತು. ಅದರ ಕೆಳಗೆ ನಕ್ಷೆ. ನಮ್ಮ ಗೇಟಿನಿಂದ ದೇವಸ್ಥಾನ, ದೇವಸ್ಥಾನದಿಂದ ಮಾರ್ಕೆಟ್ಟು, ಅವರು ನಡೆದ ದಾರಿಯುದ್ದಕ್ಕೂ ಕೆಂಪು ಚುಕ್ಕಿ. ಅವರು ನಿಂತಲ್ಲಿ ಅದೂ ನಿಂತಿತ್ತು.

ಅವರಿಗೆ ಹೆದರಿಕೆಯಾಗಿರಲಿಲ್ಲ, ಮುಖ ಅರಳಿತ್ತು. "ನೀನೇ ಹೇಳಿದ್ದಲ್ವಾ ಮಾರಾಯ್ತಿ, ಬಂದ್ರು ಅಂತ" ಎಂದರು. "ಈ ಫೋನಿಗೆ ಅವರ ಪರಿಚಯ ಇಲ್ಲ. ಅದಕ್ಕೆ ಅಪರಿಚಿತ ಅಂತ ಹೇಳ್ತದೆ. ಪಾಪ, ಅದಕ್ಕೆ ಎಂತ ಗೊತ್ತು."

ಯಾರೋ ಕಳ್ಳರು ಬ್ಯಾಗಿಗೆ ಏನೋ ಹಾಕಿರಬೇಕೆಂದು ನಾನು ಅವರ ವ್ಯಾನಿಟಿ ಬ್ಯಾಗನ್ನು ನೆಲಕ್ಕೆ ಸುರಿದು ಹುಡುಕಿದೆ. ಏನೂ ಇರಲಿಲ್ಲ. ಚಪ್ಪಲಿ, ಕೊಡೆ, ಕೀ ಗೊಂಚಲು ಎಲ್ಲ ನೋಡಿದೆ. ಸೊಂಟದ ಗಂಟಿನ ಕಡೆ ನನ್ನ ಕಣ್ಣೂ ಹೋಗಲಿಲ್ಲ. ದೈವದ ಗಂಟು ಹುಡುಕುವ ಜಾಗವಲ್ಲವಲ್ಲ.

ಅವತ್ತಿನಿಂದ ವಾರಿಜಕ್ಕ ಬೇರೆಯೇ ಮನುಷ್ಯರಾದರು. ದಿನಾ ಹೊರಡುತ್ತಿದ್ದರು, ಎರಡು ಟಿಕೆಟ್ ಶುರುವಾದದ್ದು ಆಗಲೇ. ಲೋಕಲ್ ಹತ್ತಿ ಗ್ರಾಂಟ್ ರೋಡಿಗೆ ಹೋಗಿ, ಶೇಖರಣ್ಣನ ಹೋಟೆಲಿನಲ್ಲಿ ಮೂಲೆಯ ಮೇಜಿಗೆ ಕೂತು, ಎರಡು ಕಾಫಿ ತರಿಸುತ್ತಿದ್ದರಂತೆ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ನಾನು ಅವರ ಎದುರು ಕುರ್ಚಿ ಎಳೆದಾಗ, "ಅಲ್ಲಿ ಬೇಡ, ಇಲ್ಲಿ ನನ್ನ ಬದಿಗೆ ಬಾ" ಎಂದರು. ವೇಟರು ಮೂರು ಕಾಫಿ ತಂದಿಟ್ಟ. ಯಾರೂ ಹೇಳಿರಲಿಲ್ಲ. ಎದುರಿನ ಲೋಟದ ಕೆನೆ ಕಟ್ಟುವುದನ್ನು ನೋಡುತ್ತ ನಾನು ನನ್ನದನ್ನು ಗಂಟಲು ಸುಟ್ಟುಕೊಂಡು ಕುಡಿದು ಮುಗಿಸಿದೆ. ಬರುವಾಗ ಲೇಡೀಸ್ ಡಬ್ಬಕ್ಕೆ ಹತ್ತುವ ಮುಂಚೆ ಅವರು ತಿರುಗಿ ಪಕ್ಕದ ಡಬ್ಬದ ಬಾಗಿಲಿನ ಕಡೆ ಒಮ್ಮೆ ನೋಡಿ ತಲೆ ಆಡಿಸಿದರು. ಗಂಡಸರ ಡಬ್ಬ ಅದು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಹಬ್ಬಕ್ಕೆಂದು ಅವರು ವಿಕ್ರೋಳಿಗೆ ಹೋಗಿ ಉಳಿದದ್ದರಿಂದ ವಿಷಯ ಬಿಗಡಾಯಿಸಿತು. ಎರಡನೆಯ ದಿನ ಬೆಳಿಗ್ಗೆ ಅವರು ಅಡುಗೆಮನೆಗೆ ಬರುತ್ತಿದ್ದ ಹಾಗೆ ಸೀರೆಯ ಒಳಗಿಂದ ಹಕ್ಕಿಮರಿ ಚೀಂಗುಟ್ಟಿದಂತೆ ಸಣ್ಣ ಶಬ್ದ ಬಂತು. ನಿಂತರೆ ನಿಂತಿತು, ನಡೆದರೆ ಮತ್ತೆ ಬಂತು. ಸೊಸೆ ಮಾನಸಿ ಮರಾಠಿ ಹುಡುಗಿ, ಅವಳ ಕೈಯಿಂದ ಪಾತ್ರೆ ಬಿತ್ತು. ಅತ್ತೆ ಮಾತ್ರ ಶಾಂತವಾಗಿ, ಅವರಿಗೆ ಇಲ್ಲಿ ಒಗ್ಗುವುದಿಲ್ಲ, ಮನೆಗೆ ಹೋಗುವ ಎನ್ನುತ್ತಿದ್ದಾರೆ ಎಂದರಂತೆ. ಪ್ರಶಾಂತ ಅವತ್ತೇ ನನಗೆ ಫೋನು ಮಾಡಿದ. ಎರಡು ಟಿಕೆಟ್ಟಿನ ಸುದ್ದಿಯೂ ಯಾರಿಂದಲೋ ಅವನ ಕಿವಿಗೆ ಬಿದ್ದಿತ್ತು. ಅಮ್ಮನಿಗೆ ತಲೆ ಸರಿ ಇಲ್ಲ, ಇನ್ನು ಒಬ್ಬಳನ್ನೇ ಬಿಡುವುದಿಲ್ಲ, ಮನೆಗೆ ಬೀಗ ಹಾಕಿ ಕರೆದುಕೊಂಡು ಬರುತ್ತೇನೆ ಎಂದ. ಅವನ ದನಿಯಲ್ಲಿ ಅಳು ಇತ್ತು.

ಶಬ್ದ ಎಂದದ್ದೇ ನನಗೆ ಹೊಳೆಯಿತು. ವಾರಿಜಕ್ಕ ವಾಪಸು ಬಂದ ಮೇಲೆ ಅವರ ಐಪ್ಯಾಡ್ ತೆಗೆದು ನೋಡಿದೆ. ಕಳೆದ ಸಾಮಾನು ಹುಡುಕುವ ಜಾಗದಲ್ಲಿ ಒಂದೇ ಒಂದು ಹೆಸರಿತ್ತು, ವಾರಿಜ. ಕಳೆದರೆ ಎಲ್ಲಿದೆಯೆಂದು ತಿಳಿಯಲು ಕೀಗೋ ಬ್ಯಾಗಿಗೋ ಹಾಕಿಡುವ ಟ್ರ್ಯಾಕರ್ ಅದು, ದೊಡ್ಡ ಬಟನ್ನಿನಷ್ಟು ಗಾತ್ರದ ಆ ಬಿಳಿ ಬಿಲ್ಲೆಗೆ ಶೇಖರಣ್ಣ ಹೆಂಡತಿಯ ಹೆಸರಿಟ್ಟಿದ್ದರು. ಹೆಂಡತಿ ಮತ್ತೆ ದಾರಿ ತಪ್ಪಿದರೆ ಗಲ್ಲಾದಲ್ಲಿ ಕೂತೇ ನೋಡಬಹುದೆಂದು ಅದನ್ನು ಅವಳು ಎಂದೂ ಬಿಟ್ಟುಹೋಗದ, ಎಂದೂ ಬಿಚ್ಚಿ ನೋಡದ ಜಾಗದಲ್ಲಿ ಹಾಕಿ ಕಟ್ಟಿದ್ದರು. ಹಳೆಯ ಫೋನು, ಐಪ್ಯಾಡು, ಬಿಲ್ಲೆ ಮೂರಕ್ಕೂ ಯಜಮಾನರು ಅವರೇ ಆದ್ದರಿಂದ ಇಷ್ಟು ಕಾಲ ಯಾವುದೂ ಬಾಯಿ ಬಿಟ್ಟಿರಲಿಲ್ಲ. ಹೊಸ ಫೋನು ಬೇರೆ ಮನೆತನದ್ದು, ಬಂದ ದಿನವೇ ಚಾಡಿ ಹೇಳಿತು. ಯಜಮಾನರ ಐಪ್ಯಾಡಿನಿಂದ ಒಂದು ದಿನ ದೂರವಾದರೆ ಬಿಲ್ಲೆಯೂ ಕೂಗಿಕೊಳ್ಳುತ್ತದೆ. ಅವರಿಗೆ ವಿಕ್ರೋಳಿ ಒಗ್ಗುವುದಿಲ್ಲ ಎಂದು ವಾರಿಜಕ್ಕ ಹೇಳಿದ್ದರಲ್ಲಿ ತೀರಾ ತಪ್ಪೇನೂ ಇರಲಿಲ್ಲ.

ಭಾನುವಾರ ಪ್ರಶಾಂತ ಬಂದ. ನಾನು ಐಪ್ಯಾಡಿನಲ್ಲಿ ಶಬ್ದ ಮಾಡಿಸುವ ಗುಂಡಿ ಒತ್ತಿದೆ. ಕೆಂಪು ಗಂಟು ಚೀಂಗುಟ್ಟಿತು. ವಾರಿಜಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು, "ನೀನು ಕರೆದದ್ದಕ್ಕೆ ಓ ಅಂದ್ರು" ಎಂದರು.

ಪ್ರಶಾಂತ ಅಮ್ಮನ ಕಾಲಿನ ಹತ್ತಿರ ಕೂತು ಎಲ್ಲ ಬಿಡಿಸಿ ಹೇಳಿದ. ಇದು ಅಪ್ಪ ಹಾಕಿಟ್ಟ ಯಂತ್ರ. ನೀನೇ ಬಿಚ್ಚಿ ನೋಡು, ಯಂತ್ರ ಅಂತ ಒಪ್ಪಿಕೊ. ಒಪ್ಪಿಕೊಂಡರೆ ನಿನ್ನ ತಲೆ ಸರಿ ಇದೆ ಎಂದು ನನಗೆ ಧೈರ್ಯ, ನಿನ್ನ ಮನೆಯಲ್ಲಿ ನೀನು ಇರು, ನಾನು ಇನ್ನೊಂದು ಮಾತಾಡುವುದಿಲ್ಲ. ಅಪ್ಪ ಜೊತೆಗೆ ನಡೆಯುತ್ತಾರೆ ಎನ್ನುವುದಾದರೆ ಇವತ್ತೇ ನನ್ನ ಜೊತೆ ಹೊರಡು. ಇಷ್ಟು ಹೇಳಿದವನಿಗೆ ತಾನೇ ಕೈ ಹಾಕಿ ಗಂಟು ಬಿಚ್ಚುವ ಧೈರ್ಯವಿರಲಿಲ್ಲ. ನನಗೂ ಇರಲಿಲ್ಲ. ವಾರಿಜಕ್ಕನ ಸೊಂಟದ ಆ ಕೆಂಪು ಗಂಟನ್ನು ನಾವಿಬ್ಬರೂ ನೋಡುತ್ತ ಕೂತೆವು. ಐಪ್ಯಾಡಿನ ಗುಂಡಿಯಿಂದ ನನ್ನ ಬೆರಳು ಎತ್ತಿ ಬಹಳ ಹೊತ್ತಾಗಿತ್ತು. ಗಂಟು ಇನ್ನೂ ಒಂದು ಸಲ ಕೂಗಿತು.

ವಾರಿಜಕ್ಕ ಎದ್ದು ಅಡುಗೆಮನೆಗೆ ಹೋಗಿ ಗ್ಯಾಸು ಬಂದ್ ಮಾಡಿ ಬಂದರು.

"ಅವರು ಇದು ಗಂಧಪ್ರಸಾದ ಅಂತ ಹೇಳಿ ಕೊಟ್ಟದ್ದು" ಎಂದರು. "ಬಿಚ್ಚಿದರೆ, ದೈವದ ಹೆಸರು ಹಿಡಿದು ಹೆಂಡತಿಗೆ ಸುಳ್ಳು ಹೇಳಿದ ಮನುಷ್ಯ ಅಂತ ಆಗ್ತದೆ. ಅವರು ಬಂದು ಉತ್ತರ ಕೊಡ್ಲಿಕ್ಕೆ ಉಂಟಾ? ಸತ್ತವರನ್ನು ಸುಳ್ಳು ಮಾಡಿ ನಾನು ಈ ಮನೆಯಲ್ಲಿ ಹೇಗೆ ಕೂರೂದು? ನಡಿ ಮಗ, ನಿನ್ನಲ್ಲಿಗೇ ಹೋಗುವ."

ಅಷ್ಟು ಸುಲಭವಾಗಿ ಮನೆ ಬಿಟ್ಟವರನ್ನು ನಾನು ಕಂಡಿಲ್ಲ. ನಾಲ್ಕು ಸೀರೆ, ದೇವರ ಫೋಟೊ, ಹೊಸ ಫೋನು. ಐಪ್ಯಾಡನ್ನು ಜೊತೆಗೆ ಒಯ್ದರೆ ಗಂಟು ಕೂಗುವುದಿಲ್ಲ ಎಂದು ನಾನು ಹೇಳಿನೋಡಿದೆ. ಕೇಳಲಿಲ್ಲ. ಅವರ ಸಾಮಾನು ಇಲ್ಲಿಂದ ಏಳುವುದು ಬೇಡ, ಅವರು ಇದನ್ನು ಹುಡುಕಿಕೊಂಡು ಬರುತ್ತಾರೆ, ಚಾರ್ಜು ಮಾತ್ರ ಮುಗಿಯಲು ಬಿಡಬೇಡ ಎಂದು ನನ್ನ ಕೈಗೆ ಕೊಟ್ಟರು, ಮನೆಯ ಕೀಯನ್ನೂ ಕೊಟ್ಟರು. ಲಿಫ್ಟಿನಲ್ಲಿ ಅವರ ಮುಖ ಮರೆಯಾದಾಗ ನನಗೆ ತಡೆಯಲಾರದಷ್ಟು ದುಃಖವಾಯಿತು. ವಿಕ್ರೋಳಿಯಲ್ಲಿ ಗಂಟು ದಿನಾ ಕೂಗುತ್ತಿತ್ತಂತೆ. ಮಾನಸಿ ಹಲ್ಲಿಯ ಲೊಚಗುಟ್ಟುವಿಕೆಗೆ ಒಗ್ಗಿಕೊಳ್ಳುವ ಹಾಗೆ ಅದಕ್ಕೂ ಒಗ್ಗಿಕೊಂಡಳು.

ನಾನು ಐಪ್ಯಾಡನ್ನು ಫ್ರಿಜ್ಜಿನ ಮೇಲೆ ಚಾರ್ಜಿಗೆ ಇಟ್ಟಿದ್ದೆ. ಯಾವಾಗಲಾದರೂ ತೆರೆದು ವಾರಿಜ ಎಂಬ ಚುಕ್ಕಿ ವಿಕ್ರೋಳಿಯಲ್ಲಿ ಇರುವುದನ್ನು ನೋಡಿ, ಇದ್ದಾರೆ ಎಂದುಕೊಂಡು ಮುಚ್ಚುತ್ತಿದ್ದೆ. ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ನೋಡುತ್ತೇನೆ, ಚುಕ್ಕಿ ಗ್ರಾಂಟ್ ರೋಡಿನಲ್ಲಿತ್ತು. ಅಡುಗೆ ಮುಗಿಸಿ ಮತ್ತೆ ನೋಡುವಾಗ ಸಾಂತಾಕ್ರೂಜ್ ಸ್ಟೇಷನ್ನಿನಲ್ಲಿ. ಆಮೇಲೆ ನಮ್ಮ ಗೇಟಿನಲ್ಲಿ. ಬಂದೇ ಬಿಟ್ಟರಲ್ಲ ಎಂಬ ಖುಷಿಯಲ್ಲಿ ಮೆಟ್ಟಿಲಿಳಿದು ಓಡಿದೆ. ಗೇಟಿನಲ್ಲಿ ವಾಚ್‌ಮನ್ ಒಬ್ಬನೇ ಕೂತಿದ್ದ. ಯಾರೂ ಬಂದಿಲ್ಲ ಎಂದ. ಬಿಸಿಲು ಹೊಡೆಯುತ್ತಿದ್ದ ರಸ್ತೆಯಲ್ಲಿ ನಾಯಿಯೂ ಇರಲಿಲ್ಲ.

ಹೀಗೆ ಮತ್ತೂ ಕೆಲವು ಸಲ ಆಯಿತು. ಗ್ರಾಂಟ್ ರೋಡು, ಸ್ಟೇಷನ್ನು, ನಮ್ಮ ಗೇಟು. ಗೇಟಿನಿಂದ ಒಳಗೆ ಮಾತ್ರ ಬರುತ್ತಿರಲಿಲ್ಲ. ಆ ಬಿಲ್ಲೆ ತಾನಿರುವ ಜಾಗವನ್ನು ತಾನೇ ಹೇಳಲಾರದು, ಹತ್ತಿರ ಹಾದುಹೋದವರ ಐಫೋನು ಅದನ್ನು ಕಂಡು ಸುದ್ದಿ ಮುಟ್ಟಿಸುತ್ತದೆ. ಯಾರನ್ನು ದಾಟಿ ಬಂದೆವು ಎಂದು ಆ ಜನರಿಗೂ ಗೊತ್ತಿರುವುದಿಲ್ಲ. ಕೊನೆಗೆ ತಡೆಯಲಾಗದೆ ಪ್ರಶಾಂತನಿಗೆ ಫೋನು ಮಾಡಿ, ಅಮ್ಮನನ್ನು ಒಬ್ಬರನ್ನೇ ಹೀಗೆ ಬಿಸಿಲಿನಲ್ಲಿ ಕಳಿಸುತ್ತೀಯಲ್ಲ ಎಂದೆ.

"ಸುಮಕ್ಕ, ಅಮ್ಮ ಬಾತ್‌ರೂಮಿನಲ್ಲಿ ಬಿದ್ದು ಸೊಂಟ ಮುರಿದುಕೊಂಡು ಮಳೆಗಾಲದಿಂದ ಹಾಸಿಗೆಯಲ್ಲೇ ಇದ್ದಾಳೆ" ಎಂದ. "ನಿಮಗೆ ಹೇಳ್ಬೇಡ ಅಂತ ಅವಳೇ ಹೇಳಿದ್ದು."

ಅದೇ ಸಂಜೆ ವಿಕ್ರೋಳಿಗೆ ಹೋದೆ. ಆ ಎತ್ತರದ ಜೀವ ಹಾಸಿಗೆಯ ಅರ್ಧಕ್ಕೂ ಬರುತ್ತಿರಲಿಲ್ಲ. ಗಂಟಲು ಮಾತ್ರ ಹಾಗೇ ಇತ್ತು. ಮೀನಿನ ರೇಟು ಕೇಳಿದರು, ಐಪ್ಯಾಡಿನ ಚಾರ್ಜು ವಿಚಾರಿಸಿದರು. ನನ್ನ ಕಣ್ಣು ಅವರ ಸೊಂಟದ ಕಡೆ ಹೋಯಿತು. ನೈಟಿ ಹಾಕಿದ್ದರು, ಗಂಟು ಕಾಣಲಿಲ್ಲ. ಎಲ್ಲಿ ಎಂದು ಕೇಳಿದೆ.

"ಅವರಿಗೇ ಕೊಟ್ಟೆ" ಎಂದರು. "ನಂಗೆ ಇನ್ನು ನಡೀಲಿಕ್ಕೆ ಆಗೂದಿಲ್ಲ. ಅವರಾದರೂ ಮನೆ ಕಡೆ ಹೋಗಿ ಬರಲಿ ಅಂತ."

ಹೊರಗೆ ಬರುವಾಗ ಪ್ರಶಾಂತ ಅದಕ್ಕೆ ಬೇರೆ ಕಾರಣ ಕೊಟ್ಟ. ಆಸ್ಪತ್ರೆಯಲ್ಲಿ ಬಟ್ಟೆ ಬದಲಾಯಿಸುವಾಗ ಗಂಟು ಎಲ್ಲೋ ಬಿದ್ದಿರಬೇಕು, ಎಷ್ಟು ಹುಡುಕಿದರೂ ಸಿಗಲಿಲ್ಲವಂತೆ. ಯಾರೋ ನರ್ಸಮ್ಮ ದೇವರ ಪ್ರಸಾದವೆಂದು ಎತ್ತಿಟ್ಟುಕೊಂಡಿರಬೇಕು, ಅವಳ ಮನೆ ಸಾಂತಾಕ್ರೂಜಿನಲ್ಲಿರಬೇಕು ಎಂದು ನಾನು ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಸರಿಯಾದ ಲೆಕ್ಕವೇ. ಆ ನರ್ಸಮ್ಮ ನಮ್ಮ ಗೇಟಿನಲ್ಲಿ ಬಂದು ಯಾಕೆ ನಿಲ್ಲಬೇಕು ಎಂಬುದಕ್ಕೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ.

ಚಳಿಗಾಲದಲ್ಲಿ ವಾರಿಜಕ್ಕ ತೀರಿಕೊಂಡರು. ಉತ್ತರಕ್ರಿಯೆಯನ್ನು ವಿಕ್ರೋಳಿಯ ಮನೆಯಲ್ಲೇ ಮಾಡಿದರು. ತೀರಿಹೋದವರಿಗೆ ಎಲೆ ಹಾಕಿ ಬಡಿಸಿ, ಬಾಗಿಲಿನಲ್ಲಿ ನಿಂತು ಹೆಸರು ಹಿಡಿದು ಒಳಗೆ ಕರೆಯುವುದು ನಮ್ಮ ಕ್ರಮ. ಪ್ರಶಾಂತ ಹತ್ತನೆಯ ಮಾಳಿಗೆಯ ಲಿಫ್ಟಿನ ಎದುರು ನಿಂತು ತುಳುವಿನಲ್ಲಿ ಅಪ್ಪನನ್ನೂ ಅಮ್ಮನನ್ನೂ ಕರೆದ. ಅವನ ತುಳು ಅಷ್ಟಕ್ಕಷ್ಟೆ. ಎಲೆಯ ಮುಂದೆ ಎಲ್ಲರೂ ಕೈ ಮುಗಿದು ನಿಂತಾಗ ನನಗೆ ಆ ಕೋಣೆಯಲ್ಲಿ ಯಾರೂ ಬಂದ ಹಾಗೆ ಅನ್ನಿಸಲಿಲ್ಲ.

ಮನೆಗೆ ಬರುವಾಗ ಇನ್ನೂ ಬೆಳಕಿತ್ತು. ಐಪ್ಯಾಡ್ ತೆರೆದೆ. ಆ ಬಿಲ್ಲೆಯ ಸೆಲ್ಲು ಮುಗಿಯಬೇಕಿದ್ದ ಕಾಲ ಯಾವತ್ತೋ ಕಳೆದಿತ್ತು. ಚುಕ್ಕಿ ನಮ್ಮ ಗೇಟಿನಲ್ಲಿತ್ತು. ಕಿಟಕಿಯಿಂದ ಬಗ್ಗಿ ನೋಡಿದೆ, ವಾಚ್‌ಮನ್ ಬೀಡಿ ಸೇದುತ್ತಿದ್ದ, ಅಷ್ಟೆ. ಕರೆದದ್ದು ವಿಕ್ರೋಳಿಯಲ್ಲಿ, ಇವರು ನಿಂತದ್ದು ಇಲ್ಲಿ. ಯಾರೂ ಕರೆಯದೆ ಒಳಗೆ ಬರುವವರಲ್ಲ ವಾರಿಜಕ್ಕ. ಐಪ್ಯಾಡನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಅವರ ಮನೆಯ ಬೀಗ ತೆಗೆದೆ. ಒಳಗೆ ಮುಚ್ಚಿಟ್ಟ ಮನೆಯ ವಾಸನೆ. ಬಾಗಿಲನ್ನು ಪೂರ್ತಿ ತೆರೆದು, ಮೆಟ್ಟಿಲಿನ ಕಡೆಗೆ ಮುಖ ಮಾಡಿ, ನನ್ನ ದನಿ ನನಗೇ ಬೇರೆಯವರದ್ದರ ಹಾಗೆ ಕೇಳುತ್ತಿರಲು, "ಶೇಖರಣ್ಣ, ವಾರಿಜಕ್ಕ, ಉಲಾಯಿ ಬಲೆ" ಎಂದು ತುಳುವಿನಲ್ಲಿ ಒಳಗೆ ಕರೆದೆ.

ಮೆಟ್ಟಿಲಿನಲ್ಲಿ ಯಾರೂ ಬರಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಕೈಯಲ್ಲಿದ್ದ ಪರದೆ ತಾನಾಗಿ ಅಲುಗಿತು. ವಾರಿಜ ಎಂಬ ಹೆಸರಿನ ಕೆಳಗೆ ನಮ್ಮ ರಸ್ತೆಯ ಹೆಸರಿದ್ದದ್ದು ಹೋಗಿ ಇಂಗ್ಲಿಷಿನ ಎರಡು ಪದ ಬಂದಿದ್ದವು. ನಿಮ್ಮ ಜೊತೆಗೇ ಇದೆ ಎಂದು ಅದರ ಅರ್ಥ. ಅದು ನನಗೆ ಹೇಳಿದ ಮಾತಾಗಿರಲಿಲ್ಲ, ಐಪ್ಯಾಡಿನ ಯಜಮಾನರಿಗೆ ಹೇಳಿದ್ದು. ಐಪ್ಯಾಡನ್ನು ಶೇಖರಣ್ಣನ ಕುರ್ಚಿಯ ಮೇಲೆ ಇಟ್ಟು, ಬಾಗಿಲು ಎಳೆದುಕೊಂಡು ಬಂದೆ.